ಲಿಸ್ಬನ್ನಿನಲ್ಲಿ ಅವ್ವನ ಕೌದಿ ಬಿಚ್ಚಿದ ದಿನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಪ್ಪ ಹಡಗು ಹತ್ತಲಿಲ್ಲ, ಅದಕ್ಕೆ ಕಾರಣ ನಾನು. ಪೋರ್ಚುಗಲ್ ದೇಶದ್ದಾಗಲಿ, ಬಂದರಿನವರದ್ದಾಗಲಿ, ನಮ್ಮ ಟೂರ್ ಮ್ಯಾನೇಜರ್ ಪರಾಂಜಪೆ ಸಾಹೇಬರದ್ದಾಗಲಿ ಇದರಲ್ಲಿ ತಪ್ಪಿಲ್ಲ. ಸಾಹೇಬರ ಧ್ವನಿಯದು ಸ್ವಲ್ಪ ಪಾಲಿದೆ. ಆದರೆ ಆ ಹೊತ್ತಿಗೆ ಅದು ನನ್ನ ಗಂಟಲಿನಲ್ಲಿತ್ತು.

ನಾನು ಮಂದಿಯ ಧ್ವನಿ ತೆಗೆಯುತ್ತೇನೆ, ಅವರ ಹಾಗೆಯೇ ಮಾತಾಡಿ ತೋರಿಸುತ್ತೇನೆ. ಪುಣೆಯ ಹಿಂಜವಾಡಿಯ ಒಂದು ಕಂಪನಿಗೆ ಕ್ಯಾಬ್ ಕಳಿಸುವ ಡೆಸ್ಕಿನಲ್ಲಿ ಕೂತು, ವಾಕಡದ ಸೇತುವೆಯ ಮೇಲೆ ಸಿಕ್ಕಿಬಿದ್ದವರ ಬೈಗುಳವನ್ನು ದಿನವಿಡೀ ಕೇಳುವವನಿಗೆ ಈ ವಿದ್ಯೆ ತಾನಾಗಿಯೇ ಬರುತ್ತದೆ. ಮನೆಯಲ್ಲಿ ಇದಕ್ಕೆ ಇನ್ನೊಂದು ಉಪಯೋಗವಿದೆ. ನನ್ನ ಸ್ವಂತ ಧ್ವನಿಯಲ್ಲಿ ಅಪ್ಪನಿಗೆ ನಾನು ಗಂಭೀರವಾದದ್ದೇನನ್ನೂ ಹೇಳಿದವನಲ್ಲ. ಹನ್ನೆರಡನೆಯ ತರಗತಿ ಫೇಲಾದದ್ದನ್ನು ಪ್ರಿನ್ಸಿಪಾಲರ ಧ್ವನಿಯಲ್ಲಿ ಹೇಳಿದೆ. ಹೋದ ವರ್ಷ ಎಲುಬಿನ ಡಾಕ್ಟರು ಅಪ್ಪನ ಎಕ್ಸ್‌ರೇ ನೋಡಿ, ನನ್ನೊಬ್ಬನನ್ನೇ ಒಳಗೆ ಕರೆದು, ಎರಡೂ ಮೊಣಕಾಲು ಮುಗಿದಿವೆ, ಇನ್ನು ಕೆಳಗೆ ಕೂರುವ ಕೆಲಸ ಬಂದ್ ಎಂದರು. ಅದನ್ನೂ ಮನೆಗೆ ಬಂದು ಡಾಕ್ಟರರ ಧ್ವನಿಯಲ್ಲೇ ಹೇಳಿದೆ, ಅವರ ಹಾಗೆ ಕನ್ನಡಕ ಒರೆಸುತ್ತ. ಅಪ್ಪ ನಕ್ಕ. ಆಮೇಲೆ ಎರಡು ದಿನ ಮಾತಾಡಲಿಲ್ಲ.

ಕೆಳಗೆ ಕೂರುವ ಕೆಲಸವೆಂದರೆ ನೆಲಕ್ಕೆ ಫರಸಿ ಹಾಸುವ ಕೆಲಸ. ಅಪ್ಪ, ಅಂದರೆ ಶರಣಪ್ಪ ಮೇಸ್ತ್ರಿ, ಚಿತ್ತಾಪುರದ ಕಡೆಯಿಂದ ಪುಣೆಗೆ ಬಂದಾಗ ನೆಲಕ್ಕೆಲ್ಲ ಶಹಾಬಾದಿ ಕಲ್ಲು. ಈಗ ಟೈಲ್ಸ್. ಕಲ್ಲು ಬದಲಾಯಿತು, ಕುಕ್ಕರಗಾಲು ಬದಲಾಗಲಿಲ್ಲ. ಟೈಲ್ಸ್ ಅಂಟಿಸುವ ಗಾರೆ ಮಾಡುವ ಕಂಪನಿಯೊಂದು, ತನ್ನ ಚೀಲಗಳನ್ನು ಹೆಚ್ಚು ಖಾಲಿ ಮಾಡಿದ ಮೇಸ್ತ್ರಿಗಳನ್ನು ಹೆಂಡತಿ ಸಮೇತ ಯುರೋಪಿಗೆ ಕಳಿಸುವ ಸ್ಕೀಮು ಇಟ್ಟಿತ್ತು. ಮೊದಲು ಲಿಸ್ಬನ್ ನಗರ, ಆಮೇಲೆ ನಾಲ್ಕು ದಿನ ಹಡಗು. ಅಪ್ಪ ವರ್ಷಾನುಗಟ್ಟಲೆ ಚೀಲದ ಮೂಲೆಯ ಕೂಪನ್ನು ಕತ್ತರಿಸಿ ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ. ನಾನು ರಜೆ ಹಾಕಿ, ನನ್ನ ಖರ್ಚಿನಲ್ಲಿ, ಬಾಲವಾಗಿ ಸೇರಿಕೊಂಡವನು. ಅಪ್ಪ ಅವ್ವ ಇಬ್ಬರಿಗೂ ಇಂಗ್ಲಿಷ್ ಬಾರದು. ಅವರ ಬಾಯಿಯಾಗಿ ಹೋದವನು ನಾನು. ಎಂಥ ಬಾಯಿ ಎಂಬುದು ಮುಂದೆ ಗೊತ್ತಾಗುತ್ತದೆ.

ಅಪ್ಪನಿಗೆ ಊರು ನೋಡುವ ಆಸೆ ಇರಲಿಲ್ಲ. ಇದ್ದದ್ದು ಹಡಗಿನದೊಂದೇ. ವಿಮಾನದಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ್ದ:

"ಜನಮ ಎಲ್ಲಾ ನೆಲದ ಮ್ಯಾಲ ಕುಕ್ಕರಗಾಲಿಲೆ ಕುಂತೀನಿ. ನೆಲಾನೇ ಇಲ್ಲದ ಜಾಗಾದಾಗ ನಾಕ ದಿನ ಖುರ್ಚಿ ಮ್ಯಾಲ ಕುಂದರಬೇಕು. ಅಷ್ಟಾದ್ರ ಸಾಕು. ಆಮ್ಯಾಲ ಕಾಲು ಕೊಯ್ಯಲಿ, ಬಿಡಲಿ."

ಅಲೆಗಳ ಚೌಕ

ಲಿಸ್ಬನ್ ಎಂದರೆ ನಮ್ಮ ಪುಣೆಯ ಪರ್ವತಿ ಗುಡ್ಡವನ್ನು ಏಳು ಸಲ ಕಟ್ಟಿ, ನಡುವೆ ಟ್ರಾಮ್ ಬಿಟ್ಟ ಊರು. ರಸ್ತೆ ಎಂಬುದು ಒಂದೋ ಏರು, ಇಲ್ಲವೇ ಇಳುಕಲು. ಮೊಣಕಾಲು ಮುಗಿದವನನ್ನು ಕರೆದುಕೊಂಡು ಬರಲು ಇದಕ್ಕಿಂತ ಯೋಗ್ಯವಾದ ಊರನ್ನು ಕಂಪನಿಯವರು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ರೊಸಿಯು ಎಂಬ ದೊಡ್ಡ ಚೌಕದ ನೆಲಕ್ಕೆ ಮುಷ್ಟಿಯಷ್ಟು ದೊಡ್ಡ ಕಪ್ಪು ಬಿಳಿ ಕಲ್ಲುಗಳನ್ನು ಒಂದೊಂದಾಗಿ ಹಾಸಿ ಅಲೆಗಳನ್ನು ಮಾಡಿದ್ದಾರೆ. ದೂರದಿಂದ ನೋಡಿದರೆ ನೆಲ ತೂಗುತ್ತದೆ. ಎಲ್ಲರೂ ಕಾರಂಜಿಯ ಮುಂದೆ ಫೋಟೋಕ್ಕೆ ನಿಂತರು. ಅಪ್ಪ ತಲೆ ತಗ್ಗಿಸಿ ನಡೆದ. ನಾನು ಪುಣೆ ಕ್ಯಾಂಪಿನಲ್ಲಿ ಈ ಪ್ರವಾಸಕ್ಕೆಂದೇ ಕೊಂಡ ಹೊಸ ಬೂಟು ಹಾಕಿಕೊಂಡು ಠೀವಿಯಿಂದ ಹೊರಟು, ನಾಲ್ಕನೆಯ ಹೆಜ್ಜೆಗೆ ಅಲೆಯ ಮೇಲೆ ಅಂಗಾತ ಬಿದ್ದೆ. ಶತಮಾನಕ್ಕೂ ಹೆಚ್ಚು ಕಾಲ ಮಂದಿ ತುಳಿದು ಗಾಜಿನಂತಾದ ಕಲ್ಲು ಅದು.

"ಪಾಲಿಶ್ ಜಾಸ್ತಿ ಆಗ್ಯಾದ," ಎಂದ ಅಪ್ಪ. ಎಬ್ಬಿಸುವ ಮೊದಲು ನನ್ನ ಕೆಳಗಿನ ಕಲ್ಲಿನ ಸಂದು ನೋಡಿದ.

ಮೂಲೆಯಲ್ಲಿ ಇಬ್ಬರು ಕೆಲಸಗಾರರು ಕಿತ್ತುಹೋದ ಜಾಗವನ್ನು ಸರಿಮಾಡುತ್ತಿದ್ದರು. ಗಿಡ್ಡ ಮಣೆಯ ಮೇಲೆ ಕೂತು, ಎಡಗೈಯಲ್ಲಿ ಕಲ್ಲು ಹಿಡಿದು, ಸುತ್ತಿಗೆಯಿಂದ ಟಕ್ ಎಂದು ಸೀಳಿ, ಮರಳಿನಲ್ಲಿ ಊರಿ, ಮತ್ತೆ ಟಕ್. ಅಪ್ಪ ಅವರ ಮುಂದೆ ನಿಂತೇ ಬಿಟ್ಟ. ಸ್ವಲ್ಪ ಹೊತ್ತಿಗೆ, ಡಾಕ್ಟರು ಬೇಡವೆಂದ ಆ ಕುಕ್ಕರಗಾಲಿನಲ್ಲೇ ಕೂತ. ಮುದುಕ ಕೆಲಸಗಾರ ಏನೂ ಕೇಳದೆ ಒಂದು ಕಲ್ಲು ಕೊಟ್ಟ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸರಿಯಾದ ಮುಖ ಮೇಲೆ ಮಾಡಿ ಊರಿದ. ಮುದುಕ ತಲೆಯಾಡಿಸಿದ. ಅಷ್ಟೇ ಮಾತುಕತೆ. ಏಳುವಾಗ ಮಾತ್ರ ಅಪ್ಪನಿಂದ ಆಗಲಿಲ್ಲ. ನಾನೂ ಆ ಮುದುಕನೂ ಎರಡು ಕಡೆ ಹಿಡಿದು ಎತ್ತಬೇಕಾಯಿತು. ಆಗ ಅಪ್ಪನ ಮುಖ ನೋಡಿದವನು, ಯಾವ ಧ್ವನಿಯಲ್ಲಿ ತಮಾಷೆ ಮಾಡಬೇಕೆಂದು ತಿಳಿಯದೆ ಅವನ ಬಟ್ಟೆಯ ಮರಳು ಕೊಡವಿದೆ.

ಚೌಕದ ಬದಿಯ ಅಂಗಡಿಯಲ್ಲಿ ಅವ್ವನಿಗೆ ಅಲ್ಲಿನ ಪ್ರಸಿದ್ಧ ತಿನಿಸು ಕೊಡಿಸಿದೆ. ಗರಿಗರಿಯಾದ ಬಟ್ಟಲು, ಒಳಗೆ ಹಳದಿ ಹೂರಣ, ಮೇಲೆ ಕಪ್ಪು ಚುಕ್ಕೆ.

"ಒಳಗ ಗಿಣ್ಣ ಹಾಕ್ಯಾರ," ಎಂದಳು ಅವ್ವ. "ಭಾಳ ಛಲೋ ಅದ. ಇನ್ನೊಂದು ತಗೋ."

ತತ್ತಿ ಮುಟ್ಟದ ಅವಳಿಗೆ ಅದು ತತ್ತಿ ಎಂದು ನಾನು ಹೇಳಲಿಲ್ಲ. ಈ ಪ್ರವಾಸದಲ್ಲಿ ನಾನು ಹೇಳದೆ ಉಳಿಸಿಕೊಂಡ ಮೊದಲ ಸಂಗತಿ ಅದು. ಎರಡನೆಯದಕ್ಕೆ ಬರುತ್ತೇನೆ.

ಟೈಲ್ಸ್ ಗೋಡೆಯ ಓಣಿ

ಎರಡನೆಯ ದಿನ ಅಲ್ಫಾಮಾ ಎಂಬ ಹಳೆಯ ಓಣಿಗೆ ಕರೆದೊಯ್ದರು. ಕೈ ಚಾಚಿದರೆ ಎರಡೂ ಬದಿಯ ಮನೆ ಸಿಗುವಷ್ಟು ಕಿರಿದು. ಮೇಲೆ ಹಗ್ಗದ ತುಂಬ ಬಟ್ಟೆ. ವಾಕಡದ ನಮ್ಮ ಸೊಸೈಟಿಯಲ್ಲಿ ಬಾಲ್ಕನಿಯ ಹೊರಗೆ ಒಂದು ಟವೆಲ್ ಒಣಗಿಸಿದರೆ ಕಮಿಟಿಯ ನೋಟೀಸು ಬರುತ್ತದೆ. ಇಲ್ಲಿ ಅದನ್ನೇ ನೋಡಲು ನಮ್ಮನ್ನು ವಿಮಾನದಲ್ಲಿ ತಂದಿದ್ದರು.

ಇಲ್ಲಿನ ಮಂದಿ ಟೈಲ್ಸನ್ನು ನೆಲಕ್ಕಲ್ಲ, ಮನೆಯ ಹೊರಗೋಡೆಗೆ ಅಂಟಿಸುತ್ತಾರೆ. ನೀಲಿ ಬಿಳಿ ಬಣ್ಣದ, ಅಂಗೈಯಗಲದ ಹಳೆಯ ಬಿಲ್ಲೆಗಳು. ಅಪ್ಪನಿಗೊಂದು ಚಟವಿದೆ. ಎಲ್ಲಿ ಟೈಲ್ಸ್ ಕಂಡರೂ ಬೆರಳ ಗೆಣ್ಣಿನಿಂದ ಬಡಿಯುತ್ತಾನೆ. ಗಾರೆ ತುಂಬಿದ್ದರೆ ಒಂದು ಸದ್ದು, ಒಳಗೆ ಪೊಳ್ಳಿದ್ದರೆ ಇನ್ನೊಂದು. ಬೀಗರ ಮನೆಗೆ ಹೋದರೂ ಚಹಾ ಬರುವುದರೊಳಗೆ ಅಡುಗೆಮನೆ ಗೋಡೆ ಬಡಿದು ಬಂದಿರುತ್ತಾನೆ. ಇಲ್ಲಿನ ಹೋಟೆಲಿನ ಬಚ್ಚಲಲ್ಲೂ ಮೊದಲ ದಿನವೇ ಎರಡು ಪೊಳ್ಳು ಹಿಡಿದಿದ್ದ. ಈ ಓಣಿಯಲ್ಲಿ ಒಂದು ಮನೆಯ ಗೋಡೆಯನ್ನು ಟಕ್ ಟಕ್ ಎಂದು ಬಡಿಯುತ್ತ ಹೋದ. ಯಾರೋ ಬಾಗಿಲು ತಟ್ಟಿದರೆಂದು ಕಿಟಕಿ ತೆರೆದು ಒಬ್ಬ ಮುದುಕಿ ಇಣುಕಿದಳು.

ಅಪ್ಪ ಕೈ ಮುಗಿದು, ಗೋಡೆ ತೋರಿಸಿ, ಮತ್ತೆ ಬಡಿದ. ಮುದುಕಿ ಕಿವಿಗೊಟ್ಟು ಕೇಳಿದಳು. ಆಮೇಲೆ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ತಾನೇ ಒಂದು ಬಿಲ್ಲೆ ಬಡಿದು ತೋರಿಸಿದಳು. ಪೊಳ್ಳು. ಅಪ್ಪ ಹೌದೆಂದ. ಅವಳು ಇನ್ನೊಂದು ಬಡಿದಳು, ಅವನು ಇನ್ನೊಂದು. ಅವಳು ಮೂಗಿನಲ್ಲಿ ಉದ್ದಕ್ಕೆ ಏನೋ ಹೇಳುತ್ತ ಹೋದಳು. ಗಂಡ ಅಂಟಿಸಿದ್ದೋ, ಮಳೆಗೆ ಬಿಟ್ಟದ್ದೋ. ಅಪ್ಪ ಕನ್ನಡದಲ್ಲಿ, "ಹೌದ್ರಿ, ನೀರ ಹೊಕ್ಕಾದ, ಬೀಳ್ತಾದ ನೋಡ್ರಿ," ಎನ್ನುತ್ತಿದ್ದ. ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ನನ್ನ ಅಗತ್ಯವೇ ಇರಲಿಲ್ಲ.

ಬಹುಶಃ ಅದಕ್ಕೇ ಇರಬೇಕು, ನಾನು ಅವಳ ಮೂಗಿನ ಧ್ವನಿ ತೆಗೆದು, ಅದೇ ರಾಗದಲ್ಲಿ ಸುಳ್ಳು ಪೋರ್ಚುಗೀಸು ಉದುರಿಸಿದೆ. ನಮ್ಮ ಗುಂಪು ಹೊಟ್ಟೆ ಹಿಡಿದು ನಕ್ಕಿತು. ಮುದುಕಿ ನನ್ನನ್ನು ಒಂದು ಗಳಿಗೆ ನೋಡಿ ಕಿಟಕಿ ಹಾಕಿಕೊಂಡಳು.

"ಆಕಿ ನನ್ನ ಜೋಡಿ ಮಾತಾಡ್ಲತ್ತಿದ್ಳು," ಎಂದ ಅಪ್ಪ. ಬೈದದ್ದಲ್ಲ. ಸಂಗತಿ ತಿಳಿಸಿದ್ದು, ಅಷ್ಟೇ.

ಹೋಟೆಲಿನ ಫೋನು

ಸಂಜೆ ಹೋಟೆಲಿಗೆ ಬಂದ ಮೇಲೆ ಪರಾಂಜಪೆ ಸಾಹೇಬರು ಎಲ್ಲರನ್ನೂ ಹಜಾರದಲ್ಲಿ ಸಾಲಾಗಿ ನಿಲ್ಲಿಸಿದರು. ಪುಣೆಯ ಶನಿವಾರ ಪೇಠೆಯ ಶುದ್ಧ ಮರಾಠಿ ಮನುಷ್ಯ. ಒಂದೊಂದು ಶಬ್ದವನ್ನೂ ಇಸ್ತ್ರಿ ಮಾಡಿ ಹೊರಗೆ ಬಿಡುತ್ತಾರೆ, ವಾಕ್ಯದ ಕೊನೆಗೆ ಮೂಗಿನಿಂದ ಸಣ್ಣದೊಂದು ಹೂಂಕಾರ. ಅಷ್ಟು ದಿನ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದ ಪಾಸ್‌ಪೋರ್ಟುಗಳನ್ನು ಹಂಚಿದರು. ನಾಳೆ ಬಂದರಿನಲ್ಲಿ ಪ್ರತಿಯೊಬ್ಬರೂ ಕೈಯಲ್ಲಿ ಹಿಡಿದು ನಿಲ್ಲಬೇಕು. ದೊಡ್ಡ ಬ್ಯಾಗುಗಳಿಗೆ ಹಡಗಿನ ಚೀಟಿ ಕಟ್ಟಿ ಬೆಳಿಗ್ಗೆ ಬಾಗಿಲ ಹೊರಗೆ ಇಡಬೇಕು. ಅವು ಲಾರಿಯಲ್ಲಿ ನೇರ ಹಡಗಿಗೆ ಹೋಗುತ್ತವೆ, ನಿಮ್ಮ ಕೋಣೆಯಲ್ಲೇ ಮತ್ತೆ ಸಿಗುವುದು.

ನನ್ನ ಕೋಣೆ ಅಪ್ಪನ ಕೋಣೆಯ ಪಕ್ಕದ್ದು. ಹಾಸಿಗೆಯ ಬದಿಗೆ ಫೋನು. ಬೇಜಾರಾಗಿತ್ತು. ಸಾಹೇಬರ ಹೂಂಕಾರ ಇನ್ನೂ ಕಿವಿಯಲ್ಲಿ ಬಿಸಿ ಇತ್ತು. ಅಪ್ಪನ ಕೋಣೆಗೆ ಫೋನು ತಿರುಗಿಸಿ, ಸಾಹೇಬರ ಮರಾಠಿಯಲ್ಲಿ ಶುರುಮಾಡಿದೆ. ಶರಣಪ್ಪಾ, ಈ ಹೋಟೆಲಿನಲ್ಲಿ ಜೇಬುಗಳ್ಳರು ಹೊಕ್ಕಿದ್ದಾರೆ. ಪಾಸ್‌ಪೋರ್ಟನ್ನು ಜೇಬಿನಲ್ಲಿ ಇಡಬೇಡಿ. ನಿಮ್ಮ ಕೈಗೇ ಬೇಗ ಸಿಗದಂಥ ಜಾಗದಲ್ಲಿ ಇಡಿ. ಹೂಂ.

ಆ ಕಡೆಯಿಂದ ಅಪ್ಪ, "ಹೋಯ್ ಸಾಹೇಬ," ಆಗಲಿ ಎಂದು ಫೋನಿಟ್ಟ.

ಅಪ್ಪ ಗಾಬರಿಯಾಗಿ ನನ್ನ ಬಾಗಿಲು ಬಡಿಯುತ್ತಾನೆ, ನಾನು ನಗುತ್ತೇನೆ ಎಂಬುದು ನನ್ನ ಲೆಕ್ಕ. ಯಾರೂ ಬಡಿಯಲಿಲ್ಲ. ತಿಂಡಿಗೆ ಕೂತಾಗ ಹೇಳೋಣವೆಂದು ಮಲಗಿದೆ. ತಿಂಡಿಗೆ ಕೂತಾಗ ಪಕ್ಕದ ಮೇಜಿನ ಮೇಸ್ತ್ರಿಗಳು ಸಾಹೇಬರ ಧ್ವನಿ ತೆಗೆ ಎಂದರು, ತೆಗೆದೆ, ಮರೆತೆ. ಅಷ್ಟರಲ್ಲಿ ಬ್ಯಾಗುಗಳು ಲಾರಿ ಏರಿ ಹೋಗಿದ್ದವು.

ಬಂದರು

ಹಡಗು ನಮ್ಮ ಸೊಸೈಟಿಯ ಮೂರು ವಿಂಗನ್ನು ಅಡ್ಡ ಮಲಗಿಸಿದಷ್ಟಿತ್ತು. ಅಪ್ಪ ಕೆಳಗೆ ನಿಂತು ಒಂದೊಂದೇ ಮಹಡಿ ಎಣಿಸಿದ. ಮೇಲಿನ ಮಹಡಿಯಲ್ಲಿ ಬಿಳಿ ಕುರ್ಚಿಗಳು ಕಾಣುತ್ತಿದ್ದವು.

"ಆ ಮೂಲ್ಯಾಗಿಂದು ನಂದು," ಎಂದ ಅವ್ವನಿಗೆ. "ನೀ ಅದರ ಬಾಜೂ."

ಸಾಲು ಸರಿಯಿತು. ಕೌಂಟರಿನ ಹುಡುಗಿ ಕೈ ಚಾಚಿದಳು. ನಾನು ನನ್ನದು ಕೊಟ್ಟೆ. ಅಪ್ಪ ಅವ್ವನ ಕಡೆ ನೋಡಿದ. ಅವ್ವ ಕೈಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಇಟ್ಟುಕೊಂಡು ನಿರಾಳವಾಗಿ ನಿಂತಿದ್ದಳು.

"ಕೌದ್ಯಾಗ ಅದಾವ," ಎಂದಳು.

ಕೌದಿಯ ವಿಷಯ ಹೇಳಬೇಕು. ಹಳೆಯ ಸೀರೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆ ಅದು. ಹೋಟೆಲಿನ ಬಿಳಿ ಹೊದಿಕೆ ಹೆಣದ ಬಟ್ಟೆಯಂತಿದೆ ಎಂದು ಅವ್ವ ಅದನ್ನು ಪುಣೆಯಿಂದ ಹೊತ್ತು ತಂದಿದ್ದಳು. ಮಧ್ಯದಲ್ಲಿ ಅವಳ ತಾಯಿಯ ಇಳಕಲ್ ಸೀರೆಯ ಸೆರಗಿದೆ, ಹೊಲಿದವಳೂ ಅವಳ ತಾಯಿಯೇ. ಹಿಂದಿನ ಸಂಜೆ ಅಪ್ಪ ಹೇಳಿದನೆಂದು ಅವ್ವ ಆ ಸೆರಗಿನ ಕೆಳಗೆ ಹೊಲಿಗೆ ಬಿಚ್ಚಿ, ಎರಡು ಪಾಸ್‌ಪೋರ್ಟು ತುರುಕಿ, ಮತ್ತೆ ಹೊಲಿದುಬಿಟ್ಟಿದ್ದಳು. ಊರಿನಿಂದ ರೈಲಿನಲ್ಲಿ ಬರುವಾಗ ಬಂಗಾರ ತರುವುದು ಹಾಗೆಯೇ. ಜಗತ್ತಿನ ಯಾವ ಕಳ್ಳನೂ ಮುದುಕಿಯ ಕೌದಿ ಕದಿಯುವುದಿಲ್ಲ. ಬಂದರಿನಲ್ಲಿ ಬ್ಯಾಗು ಕೈಗೆ ಸಿಗುತ್ತದೆಂಬ ನಂಬಿಕೆಯಲ್ಲಿ ಅವ್ವ ಮಡಚಿಟ್ಟ ಕೌದಿ ಬ್ಯಾಗಿನಲ್ಲಿತ್ತು. ಬ್ಯಾಗು ಹಡಗಿನ ಹೊಟ್ಟೆಯಲ್ಲಿತ್ತು.

ಪರಾಂಜಪೆ ಸಾಹೇಬರು ಓಡಿ ಬಂದರು. "ಬ್ಯಾಗಿನಲ್ಲಿ ಇಡಿ ಎಂದು ಯಾರು ಹೇಳಿದರು?"

"ನೀವೇ ಫೋನ್ ಮಾಡಿದ್ರಲ್ರಿ," ಎಂದಳು ಅವ್ವ ತನ್ನ ಮುರುಕು ಮರಾಠಿಯಲ್ಲಿ.

"ಮೀ? ಮೀ ಫೋನ್ ಕೇಲಾಚ್ ನಾಹೀ," ಎಂದರು ಸಾಹೇಬರು. ತಾನು ಫೋನೇ ಮಾಡಿಲ್ಲ ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ.

ನಾನು ಬಾಯಿ ತೆರೆದೆ. ಎಷ್ಟೋ ಮಂದಿಯ ಧ್ವನಿ ಬರುವ ಆ ಬಾಯಿಂದ ಒಂದು ಅಕ್ಷರವೂ ಹೊರಡಲಿಲ್ಲ. ಅಷ್ಟರಲ್ಲಿ ಅಪ್ಪ ಅವ್ವನ ಮೊಣಕೈ ಹಿಡಿದು, ತಲೆ ತಗ್ಗಿಸಿ ಸಾಹೇಬರಿಗೆ ಹೇಳಿದ:

"ಚೂಕ್ ಮಾಝೀ, ತಪ್ಪು ನಂದೇ, ಸಾಹೇಬ. ಯಾರೂ ಫೋನ್ ಮಾಡಿಲ್ಲ. ಆಕಿಗಿ ತಿಳೀವಲ್ದು. ನಾನೇ ಹೊಲಿಸ್ದೆ."

ಜೀವನವಿಡೀ ಸೈಟಿನ ಇಂಜಿನಿಯರುಗಳ ಮುಂದೆ ಹೀಗೆಯೇ ನಿಂತವನು ಅಪ್ಪ. ಪ್ಲಂಬರ್ ಒಡೆದ ಟೈಲ್ಸಿಗೂ ತಪ್ಪು ತನ್ನದೆಂದು ಒಪ್ಪಿ ಹೊಸದು ಹಾಕಿ ಬಂದವನು. ಇದೂ ಅದೇ ಎಂದುಕೊಂಡೆ. ಗುಂಪಿನ ಮೇಸ್ತ್ರಿಗಳು ಅಪ್ಪನನ್ನು ನೋಡಿ ನಕ್ಕರು, ಕೆಲವರು ಅಯ್ಯೋ ಎಂದರು. ನಗಿಸುವುದೇ ಕೆಲಸವಾದ ನನಗೆ ಆ ನಗೆ ಕೇಳಲಾಗಲಿಲ್ಲ.

ಸಾಹೇಬರು ಒಳ್ಳೆಯವರು. ಎಲ್ಲರಿಗೂ ಫೋನು ಮಾಡಿದರು. ಆದರೆ ಇಲ್ಲಿ ಪರಿಚಯದವರ ಪರಿಚಯದವರು ಎಂಬ ಬಾಗಿಲೇ ಇಲ್ಲ. ವಾಕಡದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಯಾರದೋ ಮಾವನ ಷಡ್ಡಕ ಹಡಗಿನೊಳಗಿಂದ ಕೈ ಬೀಸುತ್ತಿದ್ದ. ಇವರು ಬೈಯುವುದಿಲ್ಲ, ಕೂಗುವುದಿಲ್ಲ, ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ, ಬೇಜಾರಾಗುತ್ತದೆ ಎನ್ನುತ್ತಾರೆ, ನಿಯಮ ಮಾತ್ರ ಬಿಡುವುದಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು. ಗುಂಪು ಒಳಗೆ ಹೋಯಿತು. ಅವರನ್ನು ಬಿಟ್ಟು ನಿಲ್ಲಲಾಗದೆ ಸಾಹೇಬರೂ ಹೋದರು.

ಸಾವಿರಾರು ಬ್ಯಾಗುಗಳಲ್ಲಿ ನಮ್ಮದನ್ನು ಹುಡುಕಿ ತರುವಷ್ಟರಲ್ಲಿ ಸಾಲು ಕರಗಿ, ಕೌಂಟರುಗಳು ಒಂದೊಂದಾಗಿ ಮುಚ್ಚುತ್ತಿದ್ದವು. ತಂದವರು ನೇರ ನಮಗೆ ಕೊಡಲಿಲ್ಲ. ಯಂತ್ರದ ಪರದೆಯ ಮೇಲೆ, ಬಟ್ಟೆಯ ಪದರಗಳ ನಡುವೆ ಹೊಲಿದ ಎರಡು ಚೌಕ ವಸ್ತು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ನಾಲ್ಕು ಮಂದಿ ಸೇರಿದರು. ನಾನು ವಿವರಿಸಿದೆ. ಕೌದಿ ಎಂಬುದಕ್ಕೆ ನನ್ನ ಇಂಗ್ಲಿಷಿನಲ್ಲಿ ಶಬ್ದವಿರಲಿಲ್ಲ. ಅಜ್ಜಿಯ ಸೀರೆ ಎಂದೆ. ಅವರು ಇನ್ನಿಬ್ಬರನ್ನು ಕರೆದರು.

ಕೊನೆಗೆ ಭದ್ರತೆಯ ಹುಡುಗಿಯೊಬ್ಬಳು ಮೇಜಿನ ಮೇಲೆ ಕೌದಿ ಹಾಸಿ, ಸಣ್ಣ ಕತ್ತರಿ ಅವ್ವನ ಕೈಗಿಟ್ಟು ಗಡಿಯಾರ ತೋರಿಸಿದಳು.

ಅವ್ವ ಹೊಲಿಗೆ ಬಿಚ್ಚಲು ಕೂತಳು. ಒಂದೊಂದೇ. ಸುತ್ತಲಿನದು ಅವಳ ತಾಯಿಯ ಹೊಲಿಗೆ, ಅದಕ್ಕೆ ಕತ್ತರಿ ತಾಗಬಾರದು. ತನ್ನ ಹೊಲಿಗೆಯೂ ಅವಸರದ್ದಲ್ಲ, ಬಂಗಾರಕ್ಕೆ ಹಾಕುವಂಥ ಜೋಡಿ ದಾರದ್ದು. "ಅವ್ವಾ, ಹರಿ," ಎಂದೆ. ಭದ್ರತೆಯ ಹುಡುಗಿ ಎದುರು ಕೂತು ಬಟ್ಟೆಯ ತುದಿ ಬಿಗಿಯಾಗಿ ಹಿಡಿದುಕೊಟ್ಟಳು. ಗಡಿಯಾರ ನೋಡುವುದನ್ನು ಬಿಟ್ಟಳು.

ಅಪ್ಪ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ಕತ್ತರಿ ಇಸಿದುಕೊಂಡು, ಇಳಕಲ್ ಸೆರಗನ್ನು ನಡುವೆಯೇ ಸೀಳಿದ. ಅವ್ವ ಸೀಳಿದ ಅಂಚನ್ನು ಅಂಗೈಯಿಂದ ಮುಚ್ಚಿದಳು.

ಪಾಸ್‌ಪೋರ್ಟು ಹಿಡಿದು ನಾನು ಕೌಂಟರಿಗೆ ಓಡಿದಾಗ, ಅಲ್ಲಿ ಮೇಜು ಒರೆಸುತ್ತಿದ್ದರು.

ನದಿಯ ದಂಡೆ

ಹೊರಡುವವರ ಪಟ್ಟಿ ಮುಚ್ಚಿಯಾಗಿತ್ತು. ಮುಂದಿನ ನಿಲುಗಡೆ ಮೊರೊಕ್ಕೊ, ಅಲ್ಲಿಗೆ ನಾವಾಗಿ ಹೋಗಲು ಬೇರೆ ವೀಸಾ. ಮರುದಿನ ಪುಣೆಗೆ ವಾಪಸು ಕಳಿಸುವ ಏರ್ಪಾಡನ್ನು ಸಾಹೇಬರು ಹಡಗಿನಿಂದಲೇ ಮಾಡಿದರು. ನನ್ನ ಹೆಸರು ಮಾತ್ರ ಪಟ್ಟಿಯಲ್ಲಿತ್ತು. "ತೂ ತರೀ ಯೇ," ನೀನಾದರೂ ಬಾ ಎಂದು ಅವರು ಮೊದಲೇ ಕರೆದಿದ್ದರು. ಹೋಗಲಿಲ್ಲ. ಇದು ದೊಡ್ಡ ತ್ಯಾಗವೆಂದು ಬರೆದುಕೊಳ್ಳುವಷ್ಟು ನಾಚಿಕೆಗೆಟ್ಟವನಲ್ಲ.

ದಂಡೆಯಲ್ಲಿ ಒಂದು ಕಲ್ಲಿನ ಬೆಂಚಿತ್ತು. ಮೂವರೂ ಕೂತೆವು. ಅವ್ವ ಕೌದಿಯನ್ನು ಸೀಳು ಕಾಣದಂತೆ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಹಡಗು ದೊಡ್ಡದೊಂದು ಉಸಿರು ಬಿಟ್ಟು, ನೆಲದಿಂದ ಬೇರಾಯಿತು. ಮೇಲಿನ ಮಹಡಿಯ ಮೂಲೆಯ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಸಂಜೆಯ ಬಿಸಿಲಿನಲ್ಲಿ ನದಿಗುಂಟ ನಿಧಾನ ಸಾಗಿ, ದೂರದ ಕೆಂಪು ಸೇತುವೆಯ ಕಡೆಗೆ ಸಣ್ಣದಾಗುತ್ತ ಹೋಯಿತು. ಅಪ್ಪ ಕಾಲು ನೀಡಿ, ಎರಡೂ ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಅವ್ವ ರೊಟ್ಟಿ ಮುರಿದು ಕೊಟ್ಟಳು. ಅಪ್ಪ ಹಿಡಿದುಕೊಂಡ, ತಿನ್ನಲಿಲ್ಲ.

ಪ್ರಿನ್ಸಿಪಾಲರು ನೆನಪಾದರು, ಡಾಕ್ಟರು ನೆನಪಾದರು. ಯಾರೂ ಗಂಟಲಿಗೆ ಬರಲಿಲ್ಲ. ಕೊನೆಗೆ ನನ್ನದೇ ಧ್ವನಿಯಲ್ಲಿ ಹೇಳಬೇಕಾಯಿತು. ಅದು ಹೇಗಿದೆಯೆಂದು ನನಗೇ ಮರೆತುಹೋದಂತಿತ್ತು. ತೆಳ್ಳಗೆ ಬಂತು.

"ಅಪ್ಪಾ. ನಿನ್ನೆ ಫೋನ್ ಮಾಡಿದವ ನಾನು."

"ಗೊತ್ತದ," ಎಂದ, ಹಡಗಿನ ಮೇಲಿನ ಕಣ್ಣು ತೆಗೆಯದೆ.

"ಯಾವಾಗ ಗೊತ್ತಾತು?"

"ಫೋನ್ ಎತ್ತಿದಾಗೇ."

ಹಾಗಾದರೆ ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತದ್ದು ಸಾಹೇಬರಿಗೆ ಹೆದರಿ ಅಲ್ಲ, ನನ್ನನ್ನು ಉಳಿಸಲು. ಅದು ನನಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಮ್ಮನಿರುವುದನ್ನು ನಾನು ಯಾರಿಂದಲೂ ಕಲಿತಿಲ್ಲ.

"ಗೊತ್ತಿದ್ದೂ ಮತ್ಯಾಕ ಕೇಳಿದಿ?" ಎಂದೆ. "ಚೇಷ್ಟಿ ಅಂತ ತಿಳೀಲಿಲ್ಲೇನು?"

ಅಪ್ಪ ಮೊದಲ ಸಲ ನನ್ನ ಕಡೆ ತಿರುಗಿದ.

"ಖರೇ ಮಾತೆಲ್ಲಾ ನೀ ಮಂದಿ ಧ್ವನಿಲೇ ಹೇಳಾವ. ಸಾಹೇಬ ಹೇಳಿದ್ರ ಕಿಸೇದಾಗೇ ಇಟ್ಕೋತಿದ್ದೆ. ನೀ ಹೇಳಿದಿ ಅಂತ ಹೊಲಿಸಿ ಇಟ್ಟೆ."